ಕರೆಂಟು ಹೋಗದ ಮನೆಯ ಧರ್ಮಪ್ಪ

ಧರ್ಮಪ್ಪನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅವನ ಕಥೆಯ ನಡುವೆ ಹಲ್ಲು ಕಡಿಯುವ ಸದ್ದು ಎಲ್ಲಿಂದ ಬರುತ್ತಿದೆ ಎಂದು ನೀವು ಹುಡುಕಬೇಕಾಗುತ್ತದೆ. ನಾನೂ ಕೀಬೋರ್ಡ್ ನುಡಿಸುವವನು, ಅವನೂ ಕೀಬೋರ್ಡ್ ನುಡಿಸುವವನು. ನಾನು ಸಾಗರದಲ್ಲಿ, ಅವನು ಹೊಸನಗರದಲ್ಲಿ. ಮದುವೆಯ ಆರ್ಕೆಸ್ಟ್ರಾ, ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸು, ಹವ್ಯಾಸಿ ನಾಟಕ, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಹಾಡು, ದೇವರ ನಾಮದ ಕ್ಯಾಸೆಟ್ಟು, ಆಮೇಲೆ ಸೀಡಿ, ಈಗ ಯೂಟ್ಯೂಬು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಹಾಡಿಗೆ ರಾಗ ಹಾಕಿಸಬೇಕೆನ್ನುವವರೆಲ್ಲ ನಮ್ಮಿಬ್ಬರ ಬಾಗಿಲಿಗೇ ಬರಬೇಕು. ಮೊದಲು ಅವನ ಬಾಗಿಲಿಗೆ ಹೋಗುತ್ತಾರೆ. ಅವನಿಗೆ ಬಿಡುವಿಲ್ಲದಿದ್ದರೆ ನನ್ನ ಬಾಗಿಲಿಗೆ ಬರುತ್ತಾರೆ.

ಬಂದವರು ಅದನ್ನು ಮುಚ್ಚಿಡುವುದೂ ಇಲ್ಲ. "ಧರ್ಮಪ್ಪನವ್ರು ಬಿಜಿ ಅಂದ್ರು, ಅದಕ್ಕೆ ನಿಮ್ಮ ಹತ್ರ ಬಂದ್ವಿ ಭಟ್ರೆ" ಎನ್ನುತ್ತಾರೆ. ಅವರಿಗೆ ನಾನು ಕಾಫಿ ಬೇರೆ ಕೊಡಬೇಕು.

ಧರ್ಮಪ್ಪ ಬೆಳೆದದ್ದು ಮಾಸ್ತಿಕಟ್ಟೆಯಲ್ಲಿ, ವಾರಾಹಿ ವಿದ್ಯುತ್ ಯೋಜನೆಯ ಕಾಲೊನಿಯಲ್ಲಿ. ಅವನ ಅಪ್ಪ ಹುಲಿಯಪ್ಪ ಅಲ್ಲಿ ವಾಚ್‌ಮನ್ ಆಗಿದ್ದರು. ಎರಡು ಕೋಣೆಯ ಕ್ವಾರ್ಟರ್ಸು. ಕಾಲೊನಿಯ ಭಜನಾ ಮಂಡಳಿಗೆ ಒಂದು ಹಾರ್ಮೋನಿಯಂ ಇತ್ತು. ಅದರ ತಿದಿ ಒತ್ತಿಕೊಡುತ್ತ ಪಕ್ಕದಲ್ಲೇ ಕೂತವನು ಸ್ವರ ಕಲಿತ. ಯಾರೋ ಇಂಜಿನಿಯರು ವರ್ಗವಾಗಿ ಹೋಗುವಾಗ ತಮ್ಮ ಮಗನ ಪುಟ್ಟ ಕೀಬೋರ್ಡನ್ನು ಇವನಿಗೆ ಬಿಟ್ಟುಹೋದರು. ಬಿಸ್ಕತ್ತಿನಷ್ಟು ಅಗಲವೂ ಇಲ್ಲದ ಕೀಲಿಗಳು, ಮೇಲೆ ಸಾಲಾಗಿ ಗುಂಡಿಗಳು. ಒಂದು ಗುಂಡಿ ಒತ್ತಿದರೆ ಡುಂ ಟಕ ಡುಂ ಟಕ ಎಂದು ತಾಳ ತಾನಾಗಿಯೇ ಬರುತ್ತಿತ್ತು. ಶನಿವಾರದ ಭಜನೆಗೆ ಇವನು ಅದನ್ನು ತಂದು ಒತ್ತಿದ ದಿನ ತಬಲಾ ಬಾರಿಸುವವರು ಸಿಟ್ಟು ಮಾಡಿಕೊಂಡು ಎದ್ದುಹೋದರಂತೆ. ಉಳಿದವರೆಲ್ಲ ಬಾಯಿ ಬಿಟ್ಟುಕೊಂಡು ಕೂತರಂತೆ. ಎಂಬತ್ತರ ದಶಕದ ಮಾತು ಇದು. ಆಗ ಕೀಬೋರ್ಡ್ ಸಂಗೀತ ಎಂದರೆ ಇಷ್ಟೇ, ಒಂದು ಬೆರಳಿನ ರಾಗ ಮತ್ತು ಒಂದು ಗುಂಡಿಯ ತಾಳ.

ಆದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಪುಟ್ಟ ಕೀಬೋರ್ಡಿನಿಂದಲ್ಲ. ಆ ಕಾಲೊನಿಯ ಕರೆಂಟಿನಿಂದ.

ತೊಂಬತ್ತರ ಸುಮಾರಿಗೆ ನಮ್ಮ ಕಡೆ ಹೊಸ ಜಾತಿಯ ಕೀಬೋರ್ಡುಗಳು ಬಂದವು. ಅವು ನುಡಿಸಿದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದವು. ಮೊದಲು ತಬಲಾ ದನಿಯಲ್ಲಿ ತಾಳ ಕೂರಿಸಬೇಕು, ಅದರ ಮೇಲೆ ಬೇಸು ಗಿಟಾರು, ಅದರ ಮೇಲೆ ಸಿತಾರು, ಎಲ್ಲಕ್ಕಿಂತ ಮೇಲೆ ಕೊಳಲು. ಒಬ್ಬನೇ ಕೂತು ಐದಾರು ಜನರ ಮೇಳ ಕಟ್ಟಬಹುದಿತ್ತು. ನಾನೂ ಒಂದು ಕೊಂಡೆ, ಅವನೂ ಒಂದು ಕೊಂಡ. ಇಬ್ಬರದೂ ಹಳೆಯದು, ಯಾರೋ ಬಳಸಿ ಬಿಟ್ಟದ್ದು. ಹಾಗಾಗಿ ಇಬ್ಬರದಕ್ಕೂ ಒಂದೇ ಐಬು ಇತ್ತು. ಕರೆಂಟು ಹೋದರೆ ಅದು ಎಲ್ಲವನ್ನೂ ಮರೆತುಬಿಡುತ್ತಿತ್ತು. ಸೆಲ್ಲು ಹಾಕೋಣವೆಂದರೆ ಅರ್ಧ ಹಾಡಿಗೇ ಸೆಲ್ಲು ಮುಗಿಯುತ್ತಿತ್ತು.

ನಾನು ಆಗ ಬ್ಯಾಕೋಡಿನ ನಮ್ಮ ಮನೆಯಲ್ಲಿದ್ದೆ. ಹಿನ್ನೀರಿಗೆ ಆಗ ಸೇತುವೆ ಎಲ್ಲಿತ್ತು, ಕೀಬೋರ್ಡನ್ನು ಮಗುವಿನ ಹಾಗೆ ಎತ್ತಿಕೊಂಡು ಲಾಂಚಿನಲ್ಲಿ ತಂದಿದ್ದೆ. ನಮ್ಮ ಅಜ್ಜನ ಗದ್ದೆಯೆಲ್ಲ ಶರಾವತಿಯ ಹಿನ್ನೀರಿನ ಪಾಲಾಗಿತ್ತು. ಆ ನೀರಿನಿಂದ ಆದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತಿತ್ತು, ನಮ್ಮ ಮನೆಗೆ ಮಾತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಗಾಳಿ ಬೀಸಿದರೆ ಹೋಗುತ್ತಿತ್ತು. ಗಾಳಿಯೇ ಇಲ್ಲದೆಯೂ ಹೋಗುತ್ತಿತ್ತು. ತಾಳ ಕೂರಿಸಿ, ಬೇಸು ಕೂರಿಸಿ, ಕೊಳಲಿಗೆ ಕೈ ಇಟ್ಟೆ ಎನ್ನುವಾಗ ಪಟ್ ಎಂದು ದೀಪ ಆರುತ್ತಿತ್ತು. ನಾನು ಕತ್ತಲೆಯಲ್ಲಿ ಕೂತು ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದೆ.

ಮಾಸ್ತಿಕಟ್ಟೆ ಕಾಲೊನಿಯಲ್ಲಿ ಮಾತ್ರ ಕರೆಂಟು ಹೋಗುತ್ತಲೇ ಇರಲಿಲ್ಲ. ಹೇಗೆ ಹೋದೀತು, ಕರೆಂಟು ಹುಟ್ಟುವ ಮನೆಯೇ ಅದು! ಆ ಅಣೆಕಟ್ಟು ಬೇರೆ, ನಮ್ಮನ್ನು ಮುಳುಗಿಸಿದ ಅಣೆಕಟ್ಟು ಬೇರೆ, ನದಿಯೂ ಬೇರೆ ಎಂದು ನನಗೂ ಗೊತ್ತಿದೆ. ಹೊಟ್ಟೆಕಿಚ್ಚಿಗೆ ನಕ್ಷೆ ತೋರಿಸಿ ಸಮಾಧಾನ ಹೇಳುವುದಕ್ಕಾಗುತ್ತದೆಯೇ? ಧರ್ಮಪ್ಪ ಕೀಬೋರ್ಡಿನ ಸ್ವಿಚ್ಚನ್ನು ಆರಿಸುತ್ತಲೇ ಇರಲಿಲ್ಲ. ಇವತ್ತು ತಾಳ, ನಾಳೆ ಬೇಸು, ಮನಸ್ಸು ಬಂದ ದಿನ ಸಿತಾರು. ಅವನ ತಾಯಿ ಶಾಂತಮ್ಮ ಅದರ ಮೇಲೊಂದು ಟವೆಲ್ ಹೊದಿಸಿ, ಆ ಸ್ವಿಚ್ಚಿನ ಹತ್ತಿರ ಬಂದವರ ಕೈಗೆ ಒಂದು ಬಿಡುತ್ತಿದ್ದರಂತೆ.

ಇದರಿಂದ ಆದದ್ದೇನು ಎಂದು ಕೇಳಿ. ಅವನ ಹಾಡುಗಳು ಉದ್ದವಾದವು. ಮೊದಲು ದೂರದಿಂದೆಂಬಂತೆ ಕೊಳಲು. ಅದು ಬಂದು ಕೂತ ಮೇಲೆ ಸಿತಾರು. ಆಮೇಲೆ ಒಂದು ಗಂಟೆಯ ದನಿ. ಆಮೇಲೆ ಸ್ವಲ್ಪ ಸುಮ್ಮನೆ. ಅದಾದ ಮೇಲೆ ಹಾಡು. ಜನ ಕಣ್ಣು ಮುಚ್ಚಿ ತಲೆದೂಗಲು ಕಲಿತರು. ನನಗೋ ಕರೆಂಟಿನ ಭಯ. ಒಳ್ಳೆಯದು ಯಾವುದಿದೆಯೋ ಅದನ್ನು ಮೊದಲೇ ಇಟ್ಟುಬಿಡಬೇಕು. ಪೀಠಿಕೆ ಗೀಠಿಕೆ ಇಲ್ಲ. ಬಾಗಿಲು ತೆಗೆದರೆ ಹಾಡೇ ಎದುರಿಗೆ ನಿಂತಿರಬೇಕು. ನಾಲ್ಕು ಸಾಲಿಗೆ ರಾಗ ಕಟ್ಟಿ, ಓಡಿಹೋಗಿ ಟೇಪ್ ರೆಕಾರ್ಡರ್ ಒತ್ತಿ ಹಿಡಿದಿಟ್ಟುಕೊಳ್ಳಬೇಕು. ಬ್ಯಾಕೋಡಿನಲ್ಲಿ ನಾನು ಮಾಡಿದ ಹಾಡುಗಳೆಲ್ಲ ಹೀಗೆ ಓಡಿಕೊಂಡು ಹುಟ್ಟಿದವು.

"ಧರ್ಮಪ್ಪಂದು ಆರಾಮಾಗಿ ಕೂತು ಕೇಳ್ಬೋದು. ಭಟ್ರದ್ದು ಶುರುವಾಗೋದ್ರೊಳಗೆ ಮುಗೀತದೆ" ಎಂದು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನೆದುರಿಗೇ ಹೇಳಿದರು. ನಾನೇ ಆ ಭಟ್ಟ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಬಸ್ಸಿನಲ್ಲಿ ಸಾಗರದವರೆಗೂ ಕುದಿಯುತ್ತ ಬಂದೆ.

ಇನ್ನೊಂದು ಕೇಳಿ. ನನ್ನ ಮದುವೆಗೆ ಯಾರ ಆರ್ಕೆಸ್ಟ್ರಾ ಇತ್ತು ಗೊತ್ತೇ? ಮದುಮಗನೇ ಕೂತು ಕೀಬೋರ್ಡ್ ನುಡಿಸುವ ಹಾಗಿಲ್ಲವಲ್ಲ. ನನ್ನ ಮಾವ ತೀರ್ಥಹಳ್ಳಿಯ ಛತ್ರದಲ್ಲಿ ಆರತಕ್ಷತೆ ಇಟ್ಟುಕೊಂಡು, ಅಳಿಯನಿಗೆ ಸಂಗೀತ ಎಂದರೆ ಪ್ರಾಣ ಎಂದು ಸಂಭ್ರಮದಿಂದ ಧರ್ಮಪ್ಪನನ್ನು ಕರೆಸಿದ್ದರು. ನಾನು ಪೇಟ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದೇನೆ, ಪಕ್ಕದಲ್ಲಿ ವಿನಯಾ, ಎದುರಿಗೆ ಅವನು ಕೊಳಲಿನ ದನಿಯಲ್ಲಿ ಉದ್ದನೆಯ ಪೀಠಿಕೆ ಎಳೆಯುತ್ತಿದ್ದಾನೆ. "ಎಂತ ಚೊಲೊ ಇದ್ದು!" ಎಂದಳು ವಿನಯಾ. ಹೆಂಡತಿ ನನ್ನ ಹತ್ತಿರ ಆಡಿದ ಮೊದಲನೆಯ ಮಾತು ಇದು. ಅವಳು ಇವತ್ತಿಗೂ ಚಹಾ ಸೋಸುವಾಗ ಆ ಪೀಠಿಕೆಯನ್ನು ಗುನುಗುತ್ತಾಳೆ. ನನ್ನ ಚಹಾದಲ್ಲಿ ಧರ್ಮಪ್ಪ ಬಿದ್ದಿರುತ್ತಾನೆ.

ಕಾಲ ಬದಲಾಯಿತು. ಹುಲಿಯಪ್ಪ ನಿವೃತ್ತರಾಗಿ ಕ್ವಾರ್ಟರ್ಸು ಬಿಟ್ಟರು, ಧರ್ಮಪ್ಪ ಹೊಸನಗರಕ್ಕೆ ಬಂದು ಮೈಕ್‌ಸೆಟ್ಟಿನ ಅಂಗಡಿ ಇಟ್ಟ. ಈಗ ಇವನ ಮನೆಯಲ್ಲೂ ಕರೆಂಟು ಹೋಗುತ್ತದೆ ಎಂದು ನಾನು ಕುಣಿದೆ. ನಾನು ಕುಣಿದದ್ದೇ ಬಂತು, ಅಷ್ಟರಲ್ಲಿ ಫ್ಲಾಪಿ ಹಾಕುವ ಕೀಬೋರ್ಡು ಬಂತು. ಮಾಡಿದ ಹಾಡನ್ನು ಫ್ಲಾಪಿಗೆ ತುಂಬಿ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದಿತ್ತು. ಆಮೇಲೆ ಕಂಪ್ಯೂಟರು. ಸಾಗರದಲ್ಲಿ ಫೋಟೋ ಸ್ಟುಡಿಯೊ ಒಂದರ ಹಿಂದಿನ ಕೋಣೆ ಹಿಡಿದು, ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಮೊಟ್ಟೆ ಇಡುವ ಟ್ರೇ ಹೊಡೆದು, ಅವನಿಗಿಂತ ಮೊದಲು ನಾನು ಕಂಪ್ಯೂಟರಿನಲ್ಲಿ ರಾಗ ಹಾಕತೊಡಗಿದೆ. ಪರದೆಯ ಮೇಲೆ ಹಾಡು ಇಟ್ಟಿಗೆ ಜೋಡಿಸಿದಂತೆ ಕಾಣುತ್ತಿತ್ತು. ತಪ್ಪಿದ ಒಂದು ಸ್ವರವನ್ನು ಮೌಸಿನಲ್ಲಿ ಎತ್ತಿ ಸರಿಯಾದ ಜಾಗಕ್ಕೆ ಕೂರಿಸಬಹುದಿತ್ತು. ಯುಪಿಎಸ್ ಇತ್ತು, ಇನ್ವರ್ಟರ್ ಇತ್ತು. ಕರೆಂಟು ಹೋದರೂ ಹಾಡು ಹೋಗುತ್ತಿರಲಿಲ್ಲ. ಇನ್ನು ಧರ್ಮಪ್ಪನನ್ನು ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಆದರೆ ಇದ್ಯಾವುದೂ ನನ್ನ ಕೈಗೆ ತಿಳಿಯಲಿಲ್ಲ. ಪೀಠಿಕೆ ಎಂದು ಕೂತರೆ ಎರಡು ಸ್ವರಕ್ಕೇ ಕೈ ಹಾಡಿಗೆ ಹಾರುತ್ತಿತ್ತು. ಈಗ ಪಟ್ ಎನ್ನುತ್ತದೆ, ಈಗ ಪಟ್ ಎನ್ನುತ್ತದೆ ಎಂದು ಬೆರಳು ಗಡಿಬಿಡಿ ಮಾಡುತ್ತಿತ್ತು. ಧರ್ಮಪ್ಪ ಕಂಪ್ಯೂಟರು ಕೊಂಡದ್ದು ನನಗಿಂತ ಬಹಳ ತಡವಾಗಿ. ಆದರೂ ಜನ ಮೊದಲು ಅವನ ಹತ್ತಿರವೇ ಹೋದರು.

ಹೋದ ಮಳೆಗಾಲ ಕಳೆದ ಮೇಲೆ ಮಂಜುನಾಥಪ್ಪ ಮೇಷ್ಟ್ರು ನನ್ನ ಕೋಣೆಗೆ ಬಂದರು. ಆನಂದಪುರದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ಈಗ ಶಾಲೆಯ ಶತಮಾನೋತ್ಸವ ಸಮಿತಿಯ ಕಾರ್ಯದರ್ಶಿ. ಅದು ನಾನು ಓದಿದ ಶಾಲೆ. ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಏಳನೆಯ ಕ್ಲಾಸಿನವರೆಗೆ ಅಲ್ಲೇ ಓದಿದ್ದೆ. ಪ್ರಾರ್ಥನೆಗೆ ಹಾರ್ಮೋನಿಯಂ ಹಿಡಿದುಕೊಟ್ಟದ್ದೂ ಅಲ್ಲೇ.

"ಶಾಲೆಗೆ ಒಂದು ಹಾಡು ಬರೆಸಿದ್ದೇವೆ. ಇನ್ನು ಮೇಲೆ ದಿನಾ ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಮಕ್ಕಳು ಅದನ್ನೇ ಹಾಡೋದು. ರಾಗ ಬೇಕು" ಎಂದರು.

ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಒಂದು ಮದುವೆಗೆ, ಒಂದು ಚುನಾವಣೆಗೆ, ಒಂದು ಸಲದ ನಾಟಕಕ್ಕೆ. ಶಾಮಿಯಾನ ಬಿಚ್ಚುವಾಗ ಹಾಡೂ ಮುಗಿಯುತ್ತಿತ್ತು. ಇದು ಹಾಗಲ್ಲ. ನಾನು ಸತ್ತ ಮೇಲೂ ನನ್ನ ಶಾಲೆಯ ಅಂಗಳದಲ್ಲಿ ದಿನಾ ಬೆಳಿಗ್ಗೆ ಮಕ್ಕಳು ನನ್ನ ರಾಗ ಹಾಡುತ್ತಾರೆ. ದೇವರೇ, ಇದೊಂದು ನನಗೆ ಸಿಗಲಿ ಎಂದುಕೊಂಡೆ.

"ಧರ್ಮಪ್ಪನವರಿಗೂ ಹೇಳಿದ್ದೇವೆ" ಎಂದರು ಮೇಷ್ಟ್ರು.

"ಅವನಿಗೂ ಆನಂದಪುರಕ್ಕೂ ಏನು ಸಂಬಂಧ?"

"ಸಿಟ್ಟಾಗಬೇಡಿ ಭಟ್ರೆ. ಹೆಸರು ಹೇಳದೆ ಎರಡನ್ನೂ ಹಾಕಿ ಕೇಳಿಸ್ತೇವೆ. ಮಕ್ಕಳಿಗೆ ಯಾವುದು ಹಿಡಿಸ್ತದೋ ಅದು. ಹಾಡುವ ದನಿ ಬೇಡ, ರಾಗವನ್ನು ಕೊಳಲಿನಲ್ಲಿ ಕೂರಿಸಿ ಪೆನ್‌ಡ್ರೈವಿಗೆ ಹಾಕಿಕೊಡಿ. ತಮಾಷೆಗೆ ನಾನೂ ಮೊಬೈಲಲ್ಲಿ ಒಂದು ಮಾಡಿಸಿದ್ದೇನೆ. ಹಾಡಿನ ಸಾಲು ಹಾಕಿದ್ರೆ ಸಾಕು, ರಾಗ, ವಾದ್ಯ ಎಲ್ಲ ಅದೇ ಮಾಡಿಕೊಡ್ತದೆ ಮಾರಾಯ್ರೆ!"

ಮೊಬೈಲಿನ ಮಾತು ನನ್ನ ಕಿವಿಗೇ ಬೀಳಲಿಲ್ಲ. ನನ್ನ ತಲೆಯ ತುಂಬ ಧರ್ಮಪ್ಪನೇ. ಅವನು ಕೊಳಲು ಎಳೆಯುತ್ತಾನೆ, ಎಲ್ಲರೂ ಕಣ್ಣು ಮುಚ್ಚುತ್ತಾರೆ, ನನ್ನ ಶಾಲೆ ಅವನ ಪಾಲಾಗುತ್ತದೆ. ಆಗ ನನಗೊಂದು ಬುದ್ಧಿ ಹೊಳೆಯಿತು. ಜನಕ್ಕೆ ಬೇಕಾದದ್ದು ಪೀಠಿಕೆ ತಾನೇ? ಕೊಡುತ್ತೇನೆ. ಧರ್ಮಪ್ಪನಿಗಿಂತ ಉದ್ದನೆಯದನ್ನೇ ಕೊಡುತ್ತೇನೆ.

ಹಟ ಹಿಡಿದು ಕೂತೆ. ಕೈ ಹಾಡಿಗೆ ಹಾರಿದಾಗಲೆಲ್ಲ ಅಳಿಸಿ ಹಿಂದಕ್ಕೆ ತಂದೆ. ಕಂಪ್ಯೂಟರಿನಲ್ಲಿ ಏನಿಲ್ಲ ಈಗ, ಪಿಟೀಲಿನ ದಂಡೇ ಇದೆ, ಹಕ್ಕಿಯ ಕೂಗಿದೆ, ದೇವಸ್ಥಾನದ ಗಂಟೆಯಿದೆ. ದೂರದಿಂದ ಕೊಳಲು ಬರಿಸಿದೆ. ಸಿತಾರು ಕೂರಿಸಿದೆ. ಗಂಟೆ ಹೊಡೆಸಿದೆ. ಸ್ವಲ್ಪ ಸುಮ್ಮನಿರಿಸಿದೆ. ಅದಾದ ಮೇಲೆ ಹಾಡು.

ಊಟಕ್ಕೆ ಕರೆಯಲು ಬಂದ ವಿನಯಾ ಬಾಗಿಲಲ್ಲೇ ನಿಂತು ಕೇಳಿದಳು. "ಇದು ಧರ್ಮಪ್ಪಂದಲ್ದಾ? ಚೊಲೊ ಇದ್ದು" ಎಂದಳು.

ಮೈಯೆಲ್ಲ ಉರಿಯಿತು, ಜೊತೆಗೇ ಗೆದ್ದೆ ಎಂದು ಖುಷಿಯೂ ಆಯಿತು. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ.

ಆಯ್ಕೆಯ ದಿನ ಶಾಲೆಯ ಹಾಲಿನಲ್ಲಿ ಮಕ್ಕಳನ್ನೆಲ್ಲ ಕೂರಿಸಿದ್ದರು. ಸಂಗೀತ ಹೇಳಿಕೊಡುವ ಸುಚಿತ್ರಾ ಟೀಚರು ಹಾಡಿನ ಸಾಲುಗಳನ್ನು ಬೋರ್ಡಿನ ಮೇಲೆ ಬರೆದಿದ್ದರು. ಧರ್ಮಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಬಿಳಿಯ ಅಂಗಿ, ಕೂದಲಿಗೆ ಹೊಸದಾಗಿ ಬಣ್ಣ. "ಏನ್ ಭಟ್ರೆ, ಆರಾಮಾ?" ಎಂದ. "ಆರಾಮು" ಎಂದು ನಾನು ಇನ್ನೊಂದು ಬೆಂಚಿಗೆ ಹೋಗಿ ಕೂತೆ.

ಮೊದಲು ನನ್ನದನ್ನು ಹಾಕಿದರು. ಕೊಳಲು ದೂರದಿಂದ ಬಂತು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು, ನಾನು ಮೀಸೆ ಸವರಿಕೊಂಡೆ. ಸಿತಾರು ಬರುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಬೋರ್ಡು ನೋಡುವುದನ್ನು ಬಿಟ್ಟರು. ಗಂಟೆ ಹೊಡೆಯುವಾಗ ಒಂದು ಹುಡುಗಿ ಪಕ್ಕದವಳ ಜಡೆ ಬಿಚ್ಚಿ ಹೆಣೆಯತೊಡಗಿದಳು. ಹಾಡು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. "ಹಾಡಿ ಮಕ್ಕಳೇ" ಎಂದು ಸುಚಿತ್ರಾ ಟೀಚರು ಕೈ ಎತ್ತುವಾಗ ಮೊದಲನೆಯ ಸಾಲು ದಾಟಿ ಹೋಗಿತ್ತು.

ಎರಡನೆಯದು ಮೊಬೈಲಿನದು. ಏನು ಅಬ್ಬರ, ಏನು ಹೊಳಪು! ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದರು. ಹಾಡಿ ಎಂದರೆ ಮಾತ್ರ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಇನ್ನೂ ಸ್ವಲ್ಪ ಸರಳ ಮಾಡಿಸುತ್ತೇನೆ ಎಂದು ಮೇಷ್ಟ್ರು ಮತ್ತೆ ಒತ್ತಿದರೆ ಅದು ಬೇರೆಯದೇ ರಾಗ ಕೊಟ್ಟಿತು, ಮೊದಲಿನದು ಬೇಕೆಂದರೆ ಸಾಲೇ ತಪ್ಪಿಸಿ ಇನ್ನೊಂದು ಕೊಟ್ಟಿತು. ನಿಜ ಹೇಳುತ್ತೇನೆ, ಅದರ ಮೇಲೆ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚು ಬರಲಿಲ್ಲ. ಯಾರನ್ನು ನೋಡಿ ಉರಿದುಕೊಳ್ಳುವುದು ಅಲ್ಲಿ?

ಮೂರನೆಯದನ್ನು ಹಾಕಿದರು. ಹಾಕಿದ್ದೇ ತಡ, ಹಾಡೇ ಎದುರಿಗೆ ನಿಂತಿತು. ಪೀಠಿಕೆ ಇಲ್ಲ, ಏನಿಲ್ಲ. ಬರೀ ತಾಳ, ಒಂದು ಕೊಳಲು. ಮೊದಲನೆಯ ಸಾಲಿಗೇ ಮಕ್ಕಳು ದನಿ ಸೇರಿಸಿದರು, ಎರಡನೆಯ ಸಾಲಿಗೆ ಇಡೀ ಹಾಲು ಹಾಡುತ್ತಿತ್ತು. ಜಡೆ ಹೆಣೆಯುತ್ತಿದ್ದವಳು ಜಡೆ ಬಿಟ್ಟು ಹಾಡಿದಳು. ಮುಗಿದ ಮೇಲೆ "ಇನ್ನೊಂದ್ಸಲ ಟೀಚರ್!" ಎಂದು ಕೂಗಿದರು.

ನಾನು ಬೆಂಚಿನಿಂದ ಎದ್ದುನಿಂತೆ. ಆ ಚಾಳಿ ನನ್ನದು. ಬ್ಯಾಕೋಡಿನ ನಮ್ಮ ಮನೆಯಲ್ಲಿ, ದೀಪ ಆರುವ ಮೊದಲು, ಓಡಿಕೊಂಡು ಹುಟ್ಟುತ್ತಿದ್ದ ಹಾಡಿನ ಚಾಳಿ. ರಾಗ ಬೇರೆ, ಆದರೆ ಒಂದೊಂದು ಸ್ವರವೂ ನನ್ನ ಮನೆಯಿಂದ ಎದ್ದು ಬಂದಂತೆ ಇತ್ತು. "ಧರ್ಮಪ್ಪನವರದ್ದೇ ಇರಲಿ" ಎಂದು ಮೇಷ್ಟ್ರು ಎದ್ದು ಅವನ ಕೈ ಕುಲುಕಿದರು.

ನಾನು ಅವನನ್ನು ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಬಂದೆ.

"ಕಳ್ಳ! ಅದು ನನ್ನದು."

"ರಾಗ ನಂದೇ ಭಟ್ರೆ."

"ರಾಗ ಯಾರಿಗೆ ಬೇಕು? ಆ ದಾರಿ ನನ್ನದು. ನಿನ್ನ ಕೊಳಲು, ನಿನ್ನ ಗಂಟೆ ಎಲ್ಲಿ ಹೋಯ್ತು?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ನನ್ನ ಮಗಳು ಶಾಲೇಲಿ ಮೊದಲ್ನೇ ಸಲ ಕುಣಿದದ್ದು ಯಾರ ಹಾಡಿಗೆ ಗೊತ್ತುಂಟಾ? ನಿಮ್ದಕ್ಕೆ. ಅಪ್ಪ, ನಿನ್ ಹಾಡು ಶುರುವಾಗೋವರೆಗೆ ನಿಂತು ನಿಂತು ಕಾಲು ನೋಯ್ತದೆ ಅಂದ್ಲು. ನಂದನ್ನ ಜನ ಕೂತು ಕೇಳ್ತಾರೆ ಭಟ್ರೆ. ನಿಮ್ದನ್ನ ಹಾಡ್ಕೊಂಡು ಹೋಗ್ತಾರೆ. ಹೊಟ್ಟೆ ಉರೀತಿತ್ತು ನಂಗೆ."

"ನಿನಗಾ?"

"ಈಗಿಂದಲ್ಲ ಮಾರಾಯ್ರೆ, ಕಾಲೊನೀಲಿ ಇರೋವಾಗ್ಲಿಂದ. ಭಟ್ರು ಕರೆಂಟ್ ಹೋಗೋದ್ರೊಳಗೆ ಹಾಡು ಕಟ್ತಾರೆ, ಅದಕ್ಕೇ ಹಾಗೆ ಬರ್ತದೆ ಅಂತ ಯಾರೋ ಹೇಳಿದ್ರು. ನಮ್ಮನೇಲಿ ಕರೆಂಟೇ ಹೋಗ್ತಿರಲಿಲ್ವಲ್ಲ. ಅಮ್ಮಂಗೆ ಹೇಳಿ ಫ್ಯೂಸ್ ಕೀಳಿಸ್ತಿದ್ದೆ. ಯಾವಾಗ ಅಂತ ನಂಗೆ ಹೇಳ್ಬೇಡ, ನಿಂಗೆ ತೋಚಿದಾಗ ಕಿತ್ತುಬಿಡು ಅಂತ. ಪಾಪ, ಅಡುಗೆ ನಡುವೆ ಬಂದು ಕೀಳ್ತಿದ್ಲು. ಎಷ್ಟು ಹಾಡು ಹಾಳಾದ್ವೋ, ನಿಮ್ಮ ಹಾಗೆ ಒಂದೂ ಬರ್ಲಿಲ್ಲ. ಇದೊಂದು ಬಂತು. ಇದಕ್ಕೂ ಅಷ್ಟೇ, ಅಂಗಡೀಲಿ ಯುಪಿಎಸ್ ಕಳಚಿ, ಮೇನ್ ಸ್ವಿಚ್ ಹತ್ರ ಹೆಂಡ್ತೀನ ನಿಲ್ಸಿ ಮಾಡಿದ್ದು."

ನಾನು ಅವನ ರಟ್ಟೆ ಬಿಟ್ಟೆ. ಟವೆಲ್ ಹೊದಿಸಿ ಸ್ವಿಚ್ಚು ಕಾಯುತ್ತಿದ್ದ ಶಾಂತಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಫ್ಯೂಸ್ ಕೀಳುವುದು ಕಣ್ಣಿಗೆ ಕಟ್ಟಿತು. ನಾನು ಕೂತು ಬೈಯುತ್ತಿದ್ದ ಕತ್ತಲೆಯನ್ನು ಈ ಮಹರಾಯ ಬೇಕೆಂದು ಬಯಸಿ ಮಾಡಿಕೊಳ್ಳುತ್ತಿದ್ದ!

"ಮೊದಲ್ನೇದು ನಿಮ್ದಾ?" ಎಂದ ಅವನು. "ಸಿತಾರು ಬಂದಾಗ, ನಂದೇ ಹಳೇದು ಯಾವ್ದೋ ತಂದು ಹಾಕಿದ್ರು ಅಂದ್ಕೊಂಡೆ. ನೀವು ನಿಮ್ಮ ಹಾಗೇ ಮಾಡಿದ್ರೆ ನಂದು ಎಲ್ಲಿ ನಿಲ್ತಿತ್ತು? ಎಂತಕ್ಕೆ ಹಾಗೆ ಮಾಡಿದ್ರಿ?"

ರಾಗಕ್ಕೆ ಇಬ್ಬರ ಹೆಸರೂ ಹಾಕಿಸೋಣ ಎಂದು ಅವನು ಮೇಷ್ಟ್ರ ಹತ್ತಿರ ಹೋಗಲು ಹೊರಟ. "ನಿನ್ನ ಭಿಕ್ಷೆ ಬೇಡ ಮಾರಾಯ" ಎಂದು ಗದರಿದೆ. ಮನೆಗೆ ಬಂದು ಹೇಳಿದೆ, ವಿನಯಾ ಚಹಾ ಸೋಸಿ ತಂದಿಟ್ಟಳು. ಆ ದಿನ ಮಾತ್ರ ಗುನುಗಲಿಲ್ಲ.

ಈಗ ಶಾಲೆಯಲ್ಲಿ ಆ ಹಾಡು ಶುರುವಾಗಿದೆ. ಮೊನ್ನೆ ಶಿವಮೊಗ್ಗಕ್ಕೆ ಸ್ಪೀಕರ್ ತರಲು ಸ್ಕೂಟರಿನಲ್ಲಿ ಹೊರಟವನು ಆನಂದಪುರ ದಾಟುವಾಗ ಸರಿಯಾಗಿ ಪ್ರಾರ್ಥನೆ ಮುಗಿಯುವ ಹೊತ್ತು. ನಿಲ್ಲಬಾರದು ಎಂದುಕೊಂಡೇ ಶಾಲೆಯ ಕಾಂಪೌಂಡಿನ ಪಕ್ಕಕ್ಕೆ ತಿರುಗಿಸಿದೆ. ಮಕ್ಕಳು ಸಾಲಾಗಿ ನಿಂತಿದ್ದರು, ಸುಚಿತ್ರಾ ಟೀಚರು ಕೈ ಎತ್ತಿದರು. ಪೀಠಿಕೆ ಇಲ್ಲ, ಏನಿಲ್ಲ. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆಯುವುದರೊಳಗೆ ಹಾಡು ಮುಗಿದುಹೋಗಿತ್ತು.